ಬ್ರಸೆಲ್ಸ್‌ನ ಗ್ರಾಂಡ್ ಪ್ಲಾಸ್: ಚೌಕದ ಮನೆಗಳನ್ನು ತಪ್ಪಿಲ್ಲದೆ ಗುರುತಿಸುವ ಸಮಗ್ರ ಮಾರ್ಗದರ್ಶಿ

ಬೆಲ್ಜಿಯಂಗೆ ಹೋಗಿ ಬಂದ ಓದುಗರು ನನಗೆ ಕಳಿಸುವ ಚಿತ್ರಗಳ ಕಂತೆಯಲ್ಲಿ ಒಂದು ಚೌಕ ಪದೇ ಪದೇ ಬರುತ್ತದೆ. ಚಿನ್ನದ ಲೇಪ, ಕಲ್ಲಿನ ಕುಸುರಿ, ಮಾಡಿನ ತುದಿಯಲ್ಲಿ ಕುದುರೆ ಸವಾರ. ಕೆಳಗೆ ಒಂದು ಪ್ರಶ್ನೆ: ‘ಇದು ಯಾವ ಅರಮನೆ?’ ಕೆಲವರು ಉತ್ತರವನ್ನೂ ತಾವೇ ಬರೆದಿರುತ್ತಾರೆ. ‘ಸ್ಪೇನ್ ದೊರೆಯ ಅರಮನೆ’ ಎಂದು ಬರೆದಿದ್ದ ಚಿತ್ರದಲ್ಲಿದ್ದದ್ದು ರೊಟ್ಟಿ ಸುಡುವವರ ಸಂಘದ ಮನೆ. ‘ರಾಜನ ಅರಮನೆ, ಚೌಕದ ಅತ್ಯಂತ ಹಳೆಯ ಕಟ್ಟಡ’ ಎಂದಿದ್ದದ್ದು ರಾಜನೊಬ್ಬನೂ ವಾಸಿಸದ, 1895ರಲ್ಲಿ ಮುಗಿದ ಕಟ್ಟಡ.

ತಪ್ಪು ಓದುಗರದ್ದು ಮಾತ್ರವಲ್ಲ. ಮನೆಗಳ ಹೆಸರುಗಳೇ ದಾರಿ ತಪ್ಪಿಸುತ್ತವೆ. ಅದಕ್ಕೇ ಈ ಮಾರ್ಗದರ್ಶಿಯಲ್ಲಿ ಇತಿಹಾಸದ ಪಾಠಕ್ಕೂ ಹೊಗಳಿಕೆಗೂ ಜಾಗವಿಟ್ಟಿಲ್ಲ. ಎಲ್ಲಿಂದ ಶುರು ಮಾಡಬೇಕು, ಎಲ್ಲಿ ನಿಲ್ಲಬೇಕು, ಗೋಡೆಯ ಯಾವ ಭಾಗವನ್ನು ಮೊದಲು ನೋಡಬೇಕು ಎಂಬುದಷ್ಟೇ ಇದೆ. ಮೂರು ಗಂಟೆಯ ಬಿಡುವಿದ್ದರೆ ಕೆಲಸ ಮುಗಿಯುತ್ತದೆ. ಬೆಳಗ್ಗೆ ಒಂದೂವರೆ, ಮಧ್ಯಾಹ್ನ ಒಂದೂವರೆ ಎಂದು ಅದನ್ನು ಒಡೆದುಕೊಂಡರೆ ಇನ್ನೂ ಚೆನ್ನ. ಏಕೆ ಎಂಬುದು ಎರಡನೆಯ ಹಂತದಲ್ಲಿದೆ.

ಬೇಕಾದ ಸಲಕರಣೆ

ಒಂದು ಸಣ್ಣ ಬೈನಾಕ್ಯುಲರ್. ಇದನ್ನು ಬಿಟ್ಟು ಹೋದವರೇ ಹೆಚ್ಚು ಸೋಲುತ್ತಾರೆ. ಗುರುತುಗಳಲ್ಲಿ ಎಷ್ಟೋ ಮೂರನೆಯ, ನಾಲ್ಕನೆಯ ಮಹಡಿಯ ಎತ್ತರದಲ್ಲಿವೆ. ಮೊಬೈಲ್ ಕ್ಯಾಮೆರಾದಲ್ಲಿ ಹಿಗ್ಗಿಸಿದರೆ ಚಿನ್ನದ ಅಕ್ಷರ ಹಳದಿ ಮಸಿಯಾಗಿ ಕಾಣುತ್ತದೆ.

ಒಂದು ಹಾಳೆ, ಒಂದು ಪೆನ್ಸಿಲ್. ನೆಲ ಪೂರ್ತಿ ಕಲ್ಲುಹಾಸು, ಮಳೆ ಬಂದರೆ ಜಾರುತ್ತದೆ. ಆದ್ದರಿಂದ ಹಿಡಿತವಿರುವ ಬೂಟು ಬೇಕು. ಕತ್ತೆತ್ತಿ ನಿಂತವರ ಜೇಬು ಕಳ್ಳರಿಗೆ ಸುಲಭದ ತುತ್ತು, ಹಾಗಾಗಿ ಕೈಚೀಲ ಎದೆಯ ಮುಂದಿರಲಿ.

1. ಹೋಗುವ ಮೊದಲೇ ನಕ್ಷೆ ಬರೆದುಕೊಳ್ಳಿ

ಹಾಳೆಯ ಮೇಲೆ ಒಂದು ಆಯತ ಎಳೆಯಿರಿ. ಚೌಕ ಎನ್ನುವುದು ರೂಢಿಯ ಮಾತು, ನಿಜವಾಗಿ ಅದು ಸುಮಾರು 110 ಮೀಟರ್ ಉದ್ದ, 68 ಮೀಟರ್ ಅಗಲದ ಆಯತ. ಒಂದು ಉದ್ದ ಬದಿಯಲ್ಲಿ ‘ಪುರಭವನ’ ಎಂದು ಬರೆಯಿರಿ. ಅದು ನೈಋತ್ಯ. ಎದುರಿನ ಉದ್ದ ಬದಿಯಲ್ಲಿ ‘ರಾಜನ ಮನೆ’, ಅದು ಈಶಾನ್ಯ. ಉಳಿದ ಎರಡು ಗಿಡ್ಡ ಬದಿಗಳಲ್ಲಿ ವಾಯವ್ಯಕ್ಕೆ 1ರಿಂದ 7, ಆಗ್ನೇಯಕ್ಕೆ 13ರಿಂದ 19 ಎಂದು ಗುರುತು ಮಾಡಿ.

ಈಗ ಬಾಗಿಲ ಸಂಖ್ಯೆಗಳ ಓಟ. ಚೌಕದ ಉತ್ತರ ಮೂಲೆಯಲ್ಲಿ 1 ಶುರುವಾಗುತ್ತದೆ. ಪುರಭವನದತ್ತ ಸಾಗಿ 7ಕ್ಕೆ ಮುಟ್ಟುತ್ತದೆ. ಪುರಭವನ ದಾಟಿದ ಮೇಲೆ 8ರಿಂದ 12, ಆಗ್ನೇಯದ ಬದಿಯಲ್ಲಿ 13ರಿಂದ 19, ಅಲ್ಲಿಂದ ತಿರುಗಿದರೆ 20ರಿಂದ 28, ರಾಜನ ಮನೆಗೆ 29ರಿಂದ 33, ಕೊನೆಗೆ 34ರಿಂದ 39. ಗುಡಿಯ ಪ್ರದಕ್ಷಿಣೆಯ ಅಭ್ಯಾಸವಿರುವ ನಮ್ಮ ಕಾಲು ತಾನಾಗಿ ಎಡಕ್ಕೆ ಹೊರಡುತ್ತದೆ. ಇಲ್ಲಿ ಅಪ್ರದಕ್ಷಿಣೆ: ಮನೆಗಳ ಸಾಲು ಸದಾ ನಿಮ್ಮ ಬಲಗೈಗೆ ಇರಬೇಕು. ಮೊದಲ ಸಲ ನಾನು ಉಲ್ಟಾ ಸುತ್ತಿ, ಪುಸ್ತಕದ ಪುಟಗಳನ್ನು ಹಿಂದಿನಿಂದ ಮುಂದಕ್ಕೆ ಮಗುಚುತ್ತ ಅರ್ಧ ದಿನ ಕಳೆದಿದ್ದೇನೆ.

ಸಾಮಾನ್ಯ ತಪ್ಪು: ಕಟ್ಟಡಗಳನ್ನು ಎಣಿಸುವುದು. ಕೆಲವು ಕಟ್ಟಡಗಳಿಗೆ ಎರಡೆರಡು ಸಂಖ್ಯೆಗಳಿವೆ, ಒಂದಕ್ಕೆ ಐದು. ಪುರಭವನ ಈ ಓಟದ ಲೆಕ್ಕಕ್ಕೇ ಸೇರುವುದಿಲ್ಲ. ಕಟ್ಟಡ ಎಣಿಸುತ್ತ ಹೋದರೆ ಎರಡನೆಯ ಬಾಗಿಲಿಗೇ ಲೆಕ್ಕ ತಪ್ಪುತ್ತದೆ. ಸಂಖ್ಯೆಯನ್ನೇ ಹಿಡಿಯಿರಿ.

ಇನ್ನೊಂದು: ಬ್ರಸೆಲ್ಸ್‌ನಲ್ಲಿ ಎಲ್ಲಕ್ಕೂ ಎರಡು ಹೆಸರು, ಒಂದು ಫ್ರೆಂಚ್, ಒಂದು ಡಚ್. ಗ್ರಾಂಡ್ ಪ್ಲಾಸ್ ಎಂದರೂ ಗ್ರೋಟೆ ಮಾರ್ಕ್ಟ್ ಎಂದರೂ ಅದೇ ಚೌಕ. ಲ ರೆನಾರ್ ಎಂದರೂ ದ ವೋಸ್ ಎಂದರೂ ಅದೇ ನರಿಮನೆ. ಬೇರೆ ಬೇರೆ ಹೆಸರು ಕಂಡು ಬೇರೆ ಬೇರೆ ಮನೆ ಎಂದುಕೊಂಡು ಹುಡುಕುವವರಿದ್ದಾರೆ. ಹೆಸರುಗಳ ಅರ್ಥವನ್ನು ಕನ್ನಡದಲ್ಲೇ ಬರೆದುಕೊಳ್ಳಿ. ನರಿ, ಕೊಂಬು, ತೋಳ, ಚೀಲ ಎಂದಿದ್ದರೆ ಗೋಡೆಯ ಮೇಲೆ ಅವೇ ಕಾಣುತ್ತವೆ, ಉಚ್ಚಾರಣೆಯ ತಲೆನೋವೂ ಇಲ್ಲ.

2. ಬಿಸಿಲು ನೋಡಿ ಸಮಯ ಗೊತ್ತುಮಾಡಿ

ಬೇಸಿಗೆಯಲ್ಲಿ ಬೆಳಗಿನ ಬಿಸಿಲು ಪುರಭವನದ ಮೇಲೂ 1ರಿಂದ 12ರವರೆಗಿನ ಮನೆಗಳ ಮೇಲೂ ಬೀಳುತ್ತದೆ. ರಾಜನ ಮನೆಯ ಸಾಲಿಗೆ ಮಧ್ಯಾಹ್ನದ ಬಿಸಿಲು, 13ರಿಂದ 19ಕ್ಕೆ ಇಳಿಹೊತ್ತಿನದು. ಸಂಖ್ಯೆಯ ಓಟಕ್ಕೂ ಸೂರ್ಯನ ಓಟಕ್ಕೂ ಹೆಚ್ಚುಕಡಿಮೆ ಹೊಂದಾಣಿಕೆ ಇದೆ. ಆದ್ದರಿಂದ ಬೆಳಗ್ಗೆ 12ರವರೆಗೆ ಮುಗಿಸಿ, ಊಟ ಮಾಡಿ, ಮಧ್ಯಾಹ್ನ 20ರಿಂದ 39 ನೋಡಿ, ಕೊನೆಗೆ 13–19ಕ್ಕೆ ಮರಳಿದರೆ ಸರಿಯಾದ ಬೆಳಕು ಸಿಗುತ್ತದೆ. ಚಳಿಗಾಲದಲ್ಲಿ ಸೂರ್ಯ ತಗ್ಗಿನಲ್ಲೇ ಸಾಗುವುದರಿಂದ ಪುರಭವನಕ್ಕೂ 13–19ಕ್ಕೂ ನೇರ ಬಿಸಿಲು ಬೀಳುವುದೇ ಅಪರೂಪ. ಆಗ ಮೋಡ ಕವಿದ ದಿನವೇ ವಾಸಿ, ನೆರಳಿನ ಕಾಟವಿಲ್ಲ.

ಎಚ್ಚರಿಕೆ: ಎರಡು ವರ್ಷಕ್ಕೊಮ್ಮೆ ಆಗಸ್ಟ್‌ನಲ್ಲಿ ಚೌಕದ ನಡುವೆ ಹೂವಿನ ರತ್ನಗಂಬಳಿ ಹಾಸುತ್ತಾರೆ. ಅದು ನೋಡಬೇಕಾದ್ದೇ, ಆದರೆ ಮನೆಗಳನ್ನು ಗುರುತಿಸುವ ಕೆಲಸಕ್ಕೆ ಆ ದಿನಗಳು ಬೇಡ. ನಡುವೆ ನಿಲ್ಲಲು ಜಾಗವಿರುವುದಿಲ್ಲ. ಡಿಸೆಂಬರ್‌ನಲ್ಲಿ ಕ್ರಿಸ್ಮಸ್ ಮರ ಅಡ್ಡ ಬರುತ್ತದೆ.

3. ಪುರಭವನವನ್ನು ಆಧಾರಕಂಬ ಮಾಡಿಕೊಳ್ಳಿ

ಚೌಕಕ್ಕೆ ಯಾವ ಗಲ್ಲಿಯಿಂದ ಬಂದರೂ ಮೊದಲು 96 ಮೀಟರ್ ಎತ್ತರದ ಗೋಪುರವನ್ನು ಹುಡುಕಿ. ತುದಿಯಲ್ಲಿ ಸಂತ ಮೈಕೇಲನ ಚಿನ್ನದ ಬಣ್ಣದ ಪ್ರತಿಮೆ ಇದೆ. ಅದಕ್ಕೆ ಮುಖ ಮಾಡಿ ನಿಂತರೆ ನಿಮ್ಮ ಬಲಕ್ಕೆ 1–7, ಎಡಕ್ಕೆ 13–19, ಬೆನ್ನಿಗೆ ರಾಜನ ಮನೆ. ನಕ್ಷೆಯನ್ನು ಹೀಗೆ ತಿರುಗಿಸಿ ಹಿಡಿದುಕೊಂಡ ಮೇಲೆಯೇ ಹೆಜ್ಜೆ ಇಡಿ.

ಈಗ ಕಣ್ಣಿಗೆ ಸ್ವಲ್ಪ ಸಾಮು. ಗೋಪುರದ ಎಡಕ್ಕಿರುವ ರೆಕ್ಕೆಯನ್ನೂ ಬಲಕ್ಕಿರುವ ರೆಕ್ಕೆಯನ್ನೂ ಹೋಲಿಸಿ. ಎಡದ್ದು ಉದ್ದ, ಬಲದ್ದು ಗಿಡ್ಡ. ಆಮೇಲೆ ಗೋಪುರದ ಬುಡದ ಬಾಗಿಲು ನೋಡಿ: ಅದು ಗೋಪುರದ ನಟ್ಟನಡುವೆ ಇಲ್ಲ. ಈ ವಕ್ರ ಕಂಡ ವಾಸ್ತುಶಿಲ್ಪಿ ಗೋಪುರದಿಂದ ಹಾರಿಕೊಂಡ ಎಂಬ ಕತೆಯನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ನಂಬಬೇಡಿ. ಎಡದ ರೆಕ್ಕೆ 15ನೆಯ ಶತಮಾನದ ಆರಂಭದ್ದು, ಬಲದ್ದು 1444ರ ನಂತರದ್ದು, ಯಾನ್ ವಾನ್ ರೂಯ್ಸ್‌ಬ್ರೂಕ್ ಕಟ್ಟಿಸಿದ ಗೋಪುರ 1455ರಲ್ಲಿ ಮುಗಿಯಿತು. ಹಂತಹಂತವಾಗಿ ಬೆಳೆದ ಮನೆ ಸೊಟ್ಟಗಿರುವುದಕ್ಕೆ ಯಾರೂ ಸಾಯಬೇಕಾಗಿಲ್ಲ.

ಗೋಡೆಯ ಗೂಡುಗಳಲ್ಲಿರುವ ವಿಗ್ರಹಗಳನ್ನು ಮಧ್ಯಯುಗದವು ಎಂದು ಬರೆದುಕೊಳ್ಳಬೇಡಿ. ಅವು ಬಹುಪಾಲು 19ನೆಯ ಶತಮಾನದವು. ಉಳಿದುಕೊಂಡ ಹಳೆಯ ವಿಗ್ರಹಗಳು ಎದುರಿನ ರಾಜನ ಮನೆಯ ಒಳಗಿವೆ.

4. ಒಂದರಿಂದ ಏಳು: ನಿಜವಾದ ಪರೀಕ್ಷೆ ಇಲ್ಲಿ

ಹೆಚ್ಚು ಹೊತ್ತನ್ನು ಈ ಸಾಲಿಗೇ ಇಡಿ. ಇಲ್ಲಿ ಓದುವುದು ಬಂದರೆ ಉಳಿದದ್ದು ಬಂದಂತೆ. ಚೌಕದ ನಡುವಿಗೆ ಬಂದು ವಾಯವ್ಯಕ್ಕೆ ಮುಖ ಮಾಡಿ. 13–19ರ ಗೋಡೆಗೆ ಬೆನ್ನು ಕೊಟ್ಟು ನಿಂತರೆ ನೂರು ಮೀಟರ್ ದೂರವಾಗುತ್ತದೆ, ಬೈನಾಕ್ಯುಲರ್ ಕೂಡ ಸೋಲುತ್ತದೆ.

ಪ್ರತಿ ಮನೆಗೂ ಒಂದೇ ಕ್ರಮ. ಮೊದಲು ಬಾಗಿಲ ಮೇಲಿನ ಗುರುತು. ಅದು ಮನೆಯ ಹೆಸರು. ಆಮೇಲೆ ನಡುವಿನ ಮಹಡಿಗಳ ಪ್ರತಿಮೆ, ಹತಾರಗಳು. ಅವು ಕಟ್ಟಿಸಿದವರ ಕಸುಬು. ಕೊನೆಗೆ ಮುಡಿ, ಅಂದರೆ ಮಾಡನ್ನು ಮರೆಮಾಡಿ ಮೇಲೆದ್ದು ನಿಲ್ಲುವ ಗೋಡೆಯ ತುದಿ. ಗೇಬಲ್ ಎನ್ನುವುದು ಇದನ್ನೇ. ಅಲ್ಲಿ ಕೂತವರು ಅವರು ಮೆಚ್ಚಿಸಬೇಕಿದ್ದ ದೊರೆ ಅಥವಾ ಕಾಯುವ ಸಂತ. ಬಹುತೇಕ ಎಲ್ಲರೂ ಮುಡಿಯಿಂದ ಶುರು ಮಾಡುತ್ತಾರೆ. ಅಲ್ಲೇ ಎಡವುತ್ತಾರೆ. ಮೇಲೆ ಕೂತವನು ಮನೆಯ ಒಡೆಯನಲ್ಲ.

ಒಡೆಯರು ಯಾರೆಂದರೆ ಗಿಲ್ಡ್‌ಗಳು, ಅಂದರೆ ಕಸುಬಿನವರ ಸಂಘಗಳು. ಅಯ್ಯಾವೊಳೆ ಐನೂರ್ವರ ಶಾಸನಗಳನ್ನು ಓದಿದವರಿಗೆ ಇಂಥ ಸಂಘಗಳ ಬಲ ಎಷ್ಟೆಂದು ವಿವರಿಸಬೇಕಿಲ್ಲ.

1–2, ಸ್ಪೇನಿನ ರಾಜ. ಮೇಲೆ ಗುಮ್ಮಟ, ನಡುವೆ ಆಗ ಈ ನಾಡನ್ನೂ ಆಳುತ್ತಿದ್ದ ಸ್ಪೇನಿನ ಎರಡನೆಯ ಚಾರ್ಲ್ಸ್‌ನ ಎದೆಮಟ್ಟದ ಪ್ರತಿಮೆ. ಇಷ್ಟು ನೋಡಿ ‘ಅರಮನೆ’ ಎಂದು ಬರೆಯುವವರೇ ಎಲ್ಲ. ಕಣ್ಣನ್ನು ಕೆಳಗಿಳಿಸಿದರೆ ಬಾಗಿಲ ಮೇಲೆ ಸಂತ ಓಬೇರ್ ಇದ್ದಾನೆ, ರೊಟ್ಟಿ ಸುಡುವವರ ಕುಲದೈವ ಎನ್ನಬಹುದಾದವನು. ಮತ್ತೆ ಮೇಲೆ, ಕಟಾಂಜನದ ಮೇಲೆ ಸಾಲಾಗಿ ನಿಂತ ಪ್ರತಿಮೆಗಳಲ್ಲಿ ಬೆಂಕಿ, ನೀರು, ಗಾಳಿ, ಗೋಧಿ ಇವೆ. ರೊಟ್ಟಿಗೆ ಬೇಕಾದ್ದು ಅಷ್ಟೇ ತಾನೇ.

3, ತಳ್ಳುಗಾಡಿ. ಕೊಬ್ಬಿನ ವ್ಯಾಪಾರಿಗಳದ್ದು. ಬಾಗಿಲ ಮೇಲೆ ಗಾಡಿಯನ್ನೇ ಕೆತ್ತಿದ್ದಾರೆ, ಕಷ್ಟವಿಲ್ಲ. ಮುಡಿಯಲ್ಲಿರುವ ಸಂತ ಜೀಲ್ ಮಾತ್ರ 1912ರಲ್ಲಿ ಬಂದವನು.

4, ಚೀಲ. ಒಬ್ಬ ಚೀಲ ಹಿಡಿದಿದ್ದಾನೆ, ಇನ್ನೊಬ್ಬ ಅದಕ್ಕೆ ಕೈ ಹಾಕಿದ್ದಾನೆ. ಮನೆ ಬಡಗಿಗಳದ್ದು ಮತ್ತು ಪೀಪಾಯಿ ಮಾಡುವವರದ್ದು. ಮುಡಿಯನ್ನು ರೂಪಿಸಿದ ಆಂಟೂನ್ ಪಾಸ್ಟೊರಾನಾ ಪೀಠೋಪಕರಣ ಮಾಡುವವನು. ಗೊತ್ತಾದ ಮೇಲೆ ಅದು ದೊಡ್ಡ ಕಪಾಟಿನ ನೆತ್ತಿಯಂತೆಯೇ ಕಾಣತೊಡಗುತ್ತದೆ.

5, ಹೆಣ್ಣುತೋಳ. ಬಿಲ್ಲುಗಾರರದ್ದು. ಬಾಗಿಲ ಮೇಲೆ ರೊಮುಲಸ್, ರೆಮಸ್ ಎಂಬ ಅವಳಿ ಕೂಸುಗಳಿಗೆ ಹಾಲೂಡುವ ತೋಳ, ತುತ್ತತುದಿಯಲ್ಲಿ ಬೂದಿಯಿಂದೇಳುವ ಫೀನಿಕ್ಸ್ ಹಕ್ಕಿ. ಬೈನಾಕ್ಯುಲರ್ ಹೊರಲಾರದೆ ಹೊತ್ತು ತಂದದ್ದು ಇದಕ್ಕೇ ಎಂದುಕೊಳ್ಳಿ. ಹಕ್ಕಿಗೆ ಸೇರಿದ ಒಂದು ಲ್ಯಾಟಿನ್ ಸಾಲಿದೆ: ‘ಕೊಂಬುಸ್ತಾ ಇನ್ಸಿಗ್ನಿಯೋರ್ ರೆಸುರ್ರೆಕ್ಸಿ ಎಕ್ಸ್‌ಪೆನ್ಸಿಸ್ ಸೆಬಾಸ್ತಿಯಾನೆ ಗುಲ್ಡೆ’. ಸುಟ್ಟುಹೋದ ನಾನು ಸೆಬಾಸ್ಟಿಯನ್ ಸಂಘದ (ಈ ಬಿಲ್ಲುಗಾರರ ಸಂಘದ) ಖರ್ಚಿನಲ್ಲಿ ಇನ್ನಷ್ಟು ಮೆರುಗಿನಿಂದ ಎದ್ದೆ ಎಂದರ್ಥ. ಅಷ್ಟಕ್ಕೆ ಬಿಡಬೇಡಿ, ಇದರಲ್ಲಿ ಇಸವಿ ಅಡಗಿದೆ. ರೋಮನ್ ಅಂಕಿಗಳೂ ಆಗುವ ಅಕ್ಷರಗಳನ್ನಷ್ಟೇ ಆರಿಸಿ: ಎಂ ಒಂದು (1000), ಡಿ ಒಂದು (500), ಸಿ ಒಂದು (100), ಎಲ್ ಒಂದು (50), ಎಕ್ಸ್ ಎರಡು (20), ವಿ ಮೂರು (15), ಐ ಆರು (6). ಯು ಅಕ್ಷರವನ್ನೂ ವಿ ಎಂದೇ ಎಣಿಸಬೇಕು. ಕೂಡಿದರೆ 1691. ಕಟಪಯಾದಿ ಗೊತ್ತಿದ್ದವರಿಗೆ ಇದು ನೀರು ಕುಡಿದಷ್ಟು ಸುಲಭ. 1690ರಲ್ಲಿ ಸುಟ್ಟ ಮನೆ ಮರುವರ್ಷ ಎದ್ದಿತು ಎಂಬ ದಾಖಲೆ ಅದು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಮತ್ತೆ ಏಟು ತಿಂದಿತು. 1695ರ ಆಗಸ್ಟ್‌ನಲ್ಲಿ ಫ್ರೆಂಚ್ ಫಿರಂಗಿಗಳು ಚೌಕವನ್ನೇ ನೆಲಸಮ ಮಾಡಿದವು. ಉಳಿದ ಮನೆಗಳ ಮೇಲೆ 1696ರಿಂದ 1699ರ ನಡುವಿನ ಇಸವಿಗಳೇ ಕಾಣುವುದಕ್ಕೆ ಕಾರಣ ಇದು.

6, ಕೊಂಬು. ದೋಣಿ ನಡೆಸುವವರದ್ದು. ಮುಡಿಯನ್ನು ಗಮನಿಸಿ: 17ನೆಯ ಶತಮಾನದ ಹಡಗಿನ ಹಿಂಭಾಗವನ್ನು ಕಿತ್ತು ಮನೆಯ ಮೇಲಿಟ್ಟಂತಿದೆ. ಇಡೀ ಚೌಕದಲ್ಲಿ ಒಮ್ಮೆ ನೋಡಿದರೆ ಮರೆಯದ ಮನೆ ಇದೇ. ದಾರಿ ತಪ್ಪಿದಾಗಲೆಲ್ಲ ಇದಕ್ಕೆ ಮರಳಿ ಬನ್ನಿ.

7, ನರಿ. ಸೂಜಿ, ದಾರ, ಗುಂಡಿಯಂಥ ಸಣ್ಣಪುಟ್ಟ ಸರಕಿನ ವ್ಯಾಪಾರಿಗಳದ್ದು. ಬಾಗಿಲ ಮೇಲೆ ಚಿನ್ನದ ನರಿ, ನಡುವೆ ಕಣ್ಣಿಗೆ ಬಟ್ಟೆ ಕಟ್ಟಿದ ನ್ಯಾಯದೇವತೆ, ಅವಳ ಅಕ್ಕಪಕ್ಕ ನಾಲ್ಕು ಖಂಡಗಳನ್ನು ಸೂಚಿಸುವ ಹೆಂಗಸರು. ಸರಕು ಎಲ್ಲೆಲ್ಲಿಂದ ಬರುತ್ತಿತ್ತು ಎಂಬ ಜಾಹೀರಾತು. ತುದಿಯಲ್ಲಿ ಸಂತ ನಿಕೋಲಸ್.

ಬೇಸಿಗೆಯಲ್ಲಿ ಅಂಗಡಿ, ಕಾಫಿಖಾನೆಗಳ ಕ್ಯಾನ್ವಾಸ್ ಚಪ್ಪರಗಳು ಬಾಗಿಲ ಮೇಲಿನ ಗುರುತನ್ನು ಮುಚ್ಚಿಬಿಡುತ್ತವೆ. ಹಾಗಿದ್ದರೆ ಹತ್ತಿರ ಹೋಗದೆ ಇನ್ನೂ ಹತ್ತು ಹೆಜ್ಜೆ ಹಿಂದೆ ಸರಿಯಿರಿ.

5. ಎಂಟರಿಂದ ಹನ್ನೆರಡು

ಪುರಭವನದ ಎಡಕ್ಕೆ, ಗಲ್ಲಿಯೊಂದರ ಆಚೆ. 8, ನಕ್ಷತ್ರ, ಬಹಳ ಚಿಕ್ಕದು. ನೆಲಮಟ್ಟದಲ್ಲಿ ಮನೆಯೇ ಇಲ್ಲ, ಬರಿಯ ಕಮಾನು. ರಸ್ತೆ ಅಗಲ ಮಾಡಲು ಕೆಡವಿದ್ದನ್ನು 1897ರಲ್ಲಿ ಮರಳಿ ಕಟ್ಟುವಾಗ ಜನ ಓಡಾಡಲು ಕೆಳಗೆ ದಾರಿ ಬಿಟ್ಟರು. ಕಮಾನಿನ ಅಡಿಯಲ್ಲಿ ಎವರಾರ್ಡ್ ಟ್ ಸೆರ್ಕ್ಲಾಸ್ ಎಂಬ ವೀರನ ಮಲಗಿದ ಭಂಗಿಯ ಪ್ರತಿಮೆ ಇದೆ. ಅದೃಷ್ಟಕ್ಕೆಂದು ಜನ ಸವರಿ ಸವರಿ ಅವನ ತೋಳು ಕನ್ನಡಿಯಂತಾಗಿದೆ. ಸಾಲು ಉದ್ದವಿದ್ದರೆ ಬಿಟ್ಟು ಮುಂದೆ ಹೋಗಿ, ಹೊತ್ತು ಇಲ್ಲೇ ಕರಗುತ್ತದೆ.

9, ಹಂಸ. ಬಾಗಿಲ ಮೇಲೆ ರೆಕ್ಕೆ ಬಿಚ್ಚಿದ ಹಂಸವಿದೆ. 1698ರಲ್ಲಿ ಖಾಸಗಿಯವರು ಕಟ್ಟಿಸಿದ್ದು, 1720ರಲ್ಲಿ ಕಸಾಯಿಗಳ ಸಂಘಕ್ಕೆ ಸೇರಿತು. ಆದ್ದರಿಂದ ಇಲ್ಲಿ ಗುರುತಿನಿಂದ ಕಸುಬನ್ನು ಊಹಿಸಲು ಹೋದರೆ ಕೆಡುತ್ತೀರಿ. ಮೇಲಿನ ಸೂತ್ರಕ್ಕೆ ಇದೊಂದು ಅಪವಾದ ಎಂದು ಹಾಳೆಯಲ್ಲಿ ಬರೆದುಕೊಳ್ಳಿ. 1885ರಲ್ಲಿ ಬೆಲ್ಜಿಯಂನ ಕಾರ್ಮಿಕ ಪಕ್ಷ ಹುಟ್ಟಿದ್ದು ಇದೇ ಮನೆಯಲ್ಲಿ.

10, ಚಿನ್ನದ ಮರ. ತುದಿಯಲ್ಲಿ ಕುದುರೆ ಏರಿದ, ಒಂದು ಕಾಲಕ್ಕೆ ಈ ನಾಡಿನ ಗವರ್ನರ್ ಆಗಿದ್ದ ಲೊರೇನ್‌ನ ಚಾರ್ಲ್ಸ್. ‘ರಾಜಕುಮಾರನ ಅರಮನೆ’ ಎಂದು ಓದುಗರು ಹೆಸರಿಡುವ ಇನ್ನೊಂದು ಮನೆ. ಇದು ಬಿಯರ್ ತಯಾರಕರದ್ದು, ಇಂದಿಗೂ ಅವರ ಸಂಘದ ನೆಲೆ. ಮೊದಲು ಆ ಕುದುರೆಯ ಮೇಲಿದ್ದವನು ಬವೇರಿಯಾದ ದೊರೆ. ಕಾಲ ಬದಲಾದಾಗ ಸವಾರನನ್ನೂ ಬದಲಾಯಿಸಿದರು!

11 ಗುಲಾಬಿ, 12 ತಾಬೋರ್ ಬೆಟ್ಟ. ಖಾಸಗಿ ಮನೆಗಳು. ಹೆಸರು ಬರೆದುಕೊಂಡು ಮುಂದೆ ನಡೆಯಿರಿ.

6. ಹದಿಮೂರರಿಂದ ಹತ್ತೊಂಬತ್ತು: ಅರಮನೆಯಂತೆ ಕಾಣುವ ಗೋಡೆ

ಇಡೀ ಬದಿಗೆ ಒಂದೇ ಮುಂಗೋಡೆ, ಸಾಲು ಕಂಬಗಳು, ನೆತ್ತಿಯಲ್ಲಿ ಬಾಗಿದ ಮುಡಿ. ಬ್ರಬಾಂಟ್ ಡ್ಯೂಕರ ಮನೆ ಎಂದು ಹೆಸರು. ಬ್ರಬಾಂಟ್ ಎಂದರೆ ಬ್ರಸೆಲ್ಸ್ ಸೇರಿದ್ದ ಹಳೆಯ ಸಂಸ್ಥಾನ, ಡ್ಯೂಕರು ಅದರ ಒಡೆಯರು. ವಿಲೆಂ ದ ಬ್ರೌನ್ ಎಂಬ ವಾಸ್ತುಶಿಲ್ಪಿಯ ವಿನ್ಯಾಸ, 1698. ಡ್ಯೂಕರು ಇಲ್ಲಿ ಇರಲಿಲ್ಲ. ಕಂಬಗಳ ಬುಡದಲ್ಲಿ ಅವರ ತಲೆಗಳನ್ನು ಕೆತ್ತಿದ್ದರಿಂದ ಬಂದ ಹೆಸರು ಅಷ್ಟೇ.

ಗುರುತಿಸುವ ಬಗೆ: ಮೇಲೆ ನೋಡಬೇಡಿ, ಬಾಗಿಲುಗಳನ್ನು ನೋಡಿ. ಏಳು ಸಂಖ್ಯೆ, ಬೇರೆ ಬೇರೆ ಮೆಟ್ಟಿಲು, ಬೇರೆ ಬೇರೆ ಹೆಸರು. 16 ಗಾಳಿಗಿರಣಿ, ಹಿಟ್ಟು ಬೀಸುವವರದ್ದು. 17 ತವರದ ಪಾತ್ರೆ. 18 ಗುಡ್ಡ. 19 ಹಣದ ಚೀಲ. ಒಂದೇ ಹೊದಿಕೆಯಡಿ ಏಳು ಜನ ಮಲಗಿದಂತೆ. ಒಂದೇ ಕಟ್ಟಡವೆಂದು ಭಾವಿಸಿ ಒಂದೇ ಸಾಲಿನಲ್ಲಿ ಮುಗಿಸಿದರೆ ಮುಂದಿನ ಲೆಕ್ಕವೆಲ್ಲ ಆರು ಸಂಖ್ಯೆ ಹಿಂದೆ ಬೀಳುತ್ತದೆ. ನನಗೆ ಬರುವ ತಪ್ಪು ಪಟ್ಟಿಗಳಲ್ಲಿ ಅರ್ಧಕ್ಕೂ ಮಿಕ್ಕಿ ಕೆಡುವುದು ಇಲ್ಲೇ.

7. ಇಪ್ಪತ್ತರಿಂದ ಇಪ್ಪತ್ತೆಂಟು

ಇಲ್ಲಿ ಚಿನ್ನ ಕಡಿಮೆ, ಖಾಸಗಿ ಮನೆಗಳು ಹೆಚ್ಚು. ಎರಡನ್ನು ಹಿಡಿದರೆ ಸಾಕು. 24–25, ಚಿನ್ನದ ದೋಣಿ. ಹೆಸರು ಕೇಳಿ ಅಂಬಿಗರದ್ದು ಎಂದುಕೊಳ್ಳಬೇಡಿ, ದರ್ಜಿಗಳದ್ದು. ಅಂಬಿಗರದ್ದು 6 ಎಂದು ಆಗಲೇ ನೋಡಿದ್ದೀರಿ. ಈ ಎರಡನ್ನು ಅದಲು ಬದಲು ಮಾಡುವವರು ತುಂಬ. 26–27, ಪಾರಿವಾಳ. ಚಿತ್ರಕಾರರ ಸಂಘದ್ದು. ಫ್ರಾನ್ಸ್ ಬಿಟ್ಟು ಬಂದ ಸಾಹಿತಿ ವಿಕ್ಟರ್ ಹ್ಯೂಗೋ 1852ರಲ್ಲಿ ಇಲ್ಲಿದ್ದರು.

8. ರಾಜನ ಮನೆ ಮತ್ತು ಉಳಿದ ಆರು

ಕಪ್ಪಗಿನ ಕಲ್ಲು, ಮೊನಚು ಕಮಾನು, ಜಾಲರಿಯಂಥ ಕೆತ್ತನೆ. ನೋಡಿದವರೆಲ್ಲ ಇದನ್ನೇ ಹಳೆಯದೆಂದು ಬಗೆಯುತ್ತಾರೆ. ವಾಸ್ತವದಲ್ಲಿ ವಿಕ್ಟರ್ ಜಾಮೇರ್ 1873ರಿಂದ 1895ರ ನಡುವೆ ಹೊಸದಾಗಿ ಕಟ್ಟಿಸಿದ್ದು. ತಿಳಿಬಣ್ಣದ ಪುರಭವನವೇ ಇದಕ್ಕಿಂತ ನಾಲ್ಕು ಶತಮಾನ ಹಿರಿದು. ಬಣ್ಣ ನೋಡಿ ವಯಸ್ಸು ಹೇಳುವುದನ್ನು ಇಲ್ಲಿ ಬಿಟ್ಟುಬಿಡಿ. ಉಳಿದ ಮನೆಗಳ ಮುಂಗೋಡೆಗಳಲ್ಲೂ ಎಷ್ಟೋ ಕಲ್ಲುಗಳು 19ನೆಯ ಶತಮಾನದ ಕೊನೆಯಲ್ಲಿ ಮೇಯರ್ ಆಗಿದ್ದ ಶಾರ್ಲ್ ಬುಲ್ಸ್ ಅವರ ಕಾಲದಲ್ಲಿ ಮತ್ತು ಅನಂತರ ಹಳೆಯ ಚಿತ್ರಗಳನ್ನು ನೋಡಿ ಬದಲಾಯಿಸಿದವು.

ಹೆಸರಿನ ಗುಟ್ಟು ಡಚ್‌ನಲ್ಲಿದೆ: ಬ್ರೋಡ್‌ಹಾಯ್ಸ್, ಅಂದರೆ ರೊಟ್ಟಿಮನೆ. ಮೊದಲು ಇಲ್ಲಿ ರೊಟ್ಟಿ ಮಾರುವ ಕಟ್ಟೆ ಇತ್ತು, ಆಮೇಲೆ ಡ್ಯೂಕನ ಕಚೇರಿಗಳು ಬಂದವು, ಆ ಡ್ಯೂಕ್ ಪಟ್ಟವೇ ಸ್ಪೇನ್ ರಾಜನ ಪಾಲಾದಾಗ ಫ್ರೆಂಚ್‌ನಲ್ಲಿ ಮೇಜೊಂ ದ್ಯು ರುವಾ ಆಯಿತು. ಪಕ್ಕದ ಗಲ್ಲಿಗಳ ಹೆಸರುಗಳಲ್ಲಿ ಸಂತೆ ಇನ್ನೂ ಉಳಿದಿದೆ: ಬೆಣ್ಣೆಬೀದಿ, ಮಾಂಸ-ರೊಟ್ಟಿ ಬೀದಿ, ಹೆರಿಂಗ್ ಮೀನಿನ ಬೀದಿ. ಈಗ ಒಳಗೆ ನಗರದ ವಸ್ತುಸಂಗ್ರಹಾಲಯ. ಟಿಕೆಟ್ ಕೊಂಡು ಒಳಹೋಗುವುದಾದರೆ ಹೊರಗಿನ ಕೆಲಸ ಮುಗಿಸಿ ಹೋಗಿ. ಪುರಭವನದ ಮೂಲ ವಿಗ್ರಹಗಳ ಮುಂದೆ ನಿಂತಾಗ, ಅವು ಎದುರಿನ ಗೋಡೆಯಲ್ಲಿ ಎಲ್ಲಿದ್ದವು ಎಂಬುದು ಅಷ್ಟರಲ್ಲಿ ನಿಮಗೆ ಗೊತ್ತಿರುತ್ತದೆ.

34ರಿಂದ 39ರವರೆಗೆ ಸಣ್ಣ ಮನೆಗಳು. 35 ನವಿಲು, 39 ಕತ್ತೆ. ಕತ್ತೆಯಿಂದ ಬೆಣ್ಣೆಬೀದಿ ದಾಟಿದರೆ ಮತ್ತೆ 1.

9. ಅಲ್ಲೇ ನಿಂತು ತಾಳೆ ನೋಡಿ

ಹೋಟೆಲಿಗೆ ಬಂದ ಮೇಲೆ ನೋಡೋಣ ಎಂದರೆ ಕೆಟ್ಟಿತು. ನಿಮ್ಮ ಹಾಳೆಯಲ್ಲಿ ಈ ಪೈಕಿ ಏನಾದರೂ ಕಂಡರೆ ಅಲ್ಲೇ ತಿದ್ದಿ:

‘ಅರಮನೆ’ ಎಂಬ ಪದ ಎಲ್ಲಿಯಾದರೂ ಇದೆ. ಈ ಚೌಕದಲ್ಲಿ ಯಾವ ರಾಜನ ವಾಸವೂ ಇರಲಿಲ್ಲ, ಬಾಗಿಲ ಗುರುತನ್ನು ಮತ್ತೆ ನೋಡಿ.

ಹಡಗಿನ ಮುಡಿಯ ಎದುರು 6 ಇಲ್ಲ. ಎಣಿಕೆ ಶುರುವಿನಲ್ಲೇ ತಪ್ಪಿದೆ, ಬಹುಶಃ 1–2ನ್ನು ಒಂದೇ ಸಂಖ್ಯೆ ಎಂದುಕೊಂಡಿದ್ದೀರಿ.

ಕುದುರೆ ಸವಾರನ ಎದುರು 10 ಇಲ್ಲ. ಪುರಭವನಕ್ಕೂ ಒಂದು ಸಂಖ್ಯೆ ಕೊಟ್ಟಿರಬೇಕು.

ಕತ್ತೆಗೆ 39ರ ಬದಲು 33 ಬಂದಿದೆ. ಡ್ಯೂಕರ ಗೋಡೆಗೆ ಮರಳಿ ಹೋಗಿ, ಬಾಗಿಲುಗಳನ್ನು ಎಣಿಸಿ.